ಮಾನ ಕಳೆಯುವ ಹಕ್ಕು

ನನ್ನ ಮೇಲಿನ ಆರೋಪಪಟ್ಟಿ ದಿನೇ ದಿನೇ ಬೆಳೆಯುತ್ತಿದೆ. ನಾನು ಮಾತನಾಡುವ ದನಿಗೆ ಫೋನಿನ ಅಗತ್ಯವೇ ಇಲ್ಲವಂತೆ, ಕಿಟಕಿ ತೆಗೆದರೆ ಸಾಕಂತೆ. ಸೊಪ್ಪಿನವಳ ಹತ್ತಿರ ಒಂದು ಕಂತೆ ಕೊತ್ತಂಬರಿಗೆ ಬಿಸಿಲಲ್ಲಿ ನಿಂತು ಚೌಕಾಸಿ ಮಾಡಿ, ನಡುವೆ ಅವಳ ಮಗನ ಎಸ್ಸೆಸ್ಸೆಲ್ಸಿ ಅಂಕ ವಿಚಾರಿಸಿ, ಕೊನೆಗೆ ಅವಳು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬರುತ್ತೇನಂತೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತರೆ ರಾಜ್‌ಕುಮಾರ್ ಹಾಡು ಗುನುಗುತ್ತೇನಂತೆ. ಗುನುಗಿದರೆ ಹಾಳಾಗಿ ಹೋಗಲಿ, ಪಕ್ಕದ ಬೈಕಿನವನು ತಿರುಗಿ ನೋಡಿದರೆ ಅವನಿಗೆ ಸರಿಯಾಗಿ ಕೇಳಲೆಂದು ದನಿ ಏರಿಸುತ್ತೇನಂತೆ. ಫಿರ್ಯಾದಿ, ಆರನೇ ತರಗತಿಯಲ್ಲಿ ಓದುವ ನನ್ನ ಮಗಳು. ನ್ಯಾಯಾಧೀಶೆ, ಅವಳ ತಾಯಿ. ತೀರ್ಪು ಏನಿದ್ದೀತೆಂದು ನಾನು ಬೇರೆ ಹೇಳಬೇಕಿಲ್ಲ.

ಪಟ್ಟಿಯಲ್ಲಿ ಸ್ಕೂಟರಿನದು ದೊಡ್ಡ ಕಲಮು. ನನ್ನದು ಹಳೇ ಬಜಾಜ್ ಚೇತಕ್. ಅದನ್ನು ಓಡಿಸಿದವರಿಗೆ ಅದರ ಸ್ವಭಾವ ಗೊತ್ತು. ಒದ್ದ ತಕ್ಷಣ ಏಳುವ ಗಾಡಿಯಲ್ಲ. ಚೋಕ್ ಎಳೆದು, ಒಂದು ಪಕ್ಕಕ್ಕೆ ವಾಲಿಸಿ, ಪೆಟ್ರೋಲು ಇಳಿಯುವ ತನಕ ಹಾಗೇ ಹಿಡಿದು, ನೆಟ್ಟಗೆ ಮಾಡಿ, ಆಮೇಲೆ ಕಿಕ್ ಹೊಡೆಯಬೇಕು. ಮನೆಯಂಗಳದಲ್ಲಿ ಇದು ನಿತ್ಯವಿಧಿ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ದಿನ ಅದು ಶಾಲೆಯ ಗೇಟಿನೆದುರಿಗೇ ಕೆಮ್ಮಿ ನಿಂತಿತು. ನಾನು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಗಾಡಿಯನ್ನು ವಾಲಿಸಿದೆ. ಹಿಂದಿನ ಕಾರುಗಳು ಹಾರನ್ ಹೊಡೆದವು. ವಾಚ್‌ಮನ್ ಓಡಿ ಬಂದು ಎಂಜಿನ್ ಡಬ್ಬಿಯ ಮೇಲೆ ಒಂದು ಏಟು ಹಾಕಿದ. ಮಗಳ ಗೆಳತಿಯರ ಗುಂಪು ಪೂರ್ತಿ ನಿಂತು ನೋಡಿತು, ಅದರಲ್ಲೊಬ್ಬಳು ಚಪ್ಪಾಳೆಯನ್ನೂ ತಟ್ಟಿದಳು. ನನಗೇನೋ ಅದು ಮೆಚ್ಚುಗೆಯೆಂದೇ ಅನ್ನಿಸಿತ್ತು.

ಸಂಜೆ ತಟ್ಟೆಯ ಮುಂದೆ ಕೂತಾಗ ಮಗಳು, "ಅಪ್ಪಾ, ನಾಳೆಯಿಂದ ಆ ಬೇಕರಿ ಹತ್ರನೇ ನಿಲ್ಸು. ಅಲ್ಲಿಂದ ನಾನು ನಡ್ಕೊಂಡು ಹೋಗ್ತೀನಿ" ಅಂದಳು.

"ಯಾಕಮ್ಮ?"

"ನಡೆಯೋದು ಆರೋಗ್ಯಕ್ಕೆ ಒಳ್ಳೇದು ಅಂತ ನೀನೇ ಹೇಳ್ತಿರ್ತೀಯಲ್ಲ."

ಅವಳ ಅಮ್ಮ ಸಾರು ಬಡಿಸುತ್ತಾ ಆ ಕಡೆ ಮುಖ ತಿರುಗಿಸಿಕೊಂಡಳು. ಭುಜ ಕುಲುಕುತ್ತಿದ್ದದ್ದು ನನಗೆ ಕಂಡಿತು.

ಮಕ್ಕಳು ದಾರಿ ತಪ್ಪಿದರೆ ಪುಸ್ತಕವನ್ನೋ ಸಿನಿಮಾವನ್ನೋ ದೂರುವುದು ಹಿರಿಯರ ಪದ್ಧತಿ. ನಾನೂ ಅವಳ ಪುಸ್ತಕದ ಗೂಡಿನ ತಪಾಸಣೆಗೆ ಇಳಿದೆ. ಅಮೆರಿಕದಲ್ಲಿರುವ ನನ್ನ ತಮ್ಮನ ಮಗಳು ಬೆಳೆದು ಕಾಲೇಜು ಸೇರಿದ ಮೇಲೆ, ಅವಳು ಓದಿಬಿಟ್ಟ ಪುಸ್ತಕಗಳೆಲ್ಲ ಒಂದು ಸೂಟ್‌ಕೇಸಿನಲ್ಲಿ ತುಂಬಿಕೊಂಡು ನಮ್ಮ ಮನೆಗೆ ಬಂದಿದ್ದವು. ಚಾಕ್ಲೇಟ್ ಬರಬಹುದೆಂದು ಕಾದಿದ್ದ ನನಗೆ ಅವತ್ತು ಆ ಸೂಟ್‌ಕೇಸಿನ ಮೇಲೆ ಸಣ್ಣ ಕೋಪವೂ ಇತ್ತು. ಈಗ ಒಂದೊಂದನ್ನೇ ತೆಗೆದು ಓದತೊಡಗಿದರೆ, ಆಹಾ, ಎಲ್ಲ ಪುಸ್ತಕದಲ್ಲೂ ಒಬ್ಬಳು ಹತ್ತರ ಆಸುಪಾಸಿನ ಹುಡುಗಿ, ಅವಳ ಮಾನ ಕಳೆಯಲೆಂದೇ ಹುಟ್ಟಿದ ಒಬ್ಬ ಅಪ್ಪನೋ ಅಮ್ಮನೋ ಅಜ್ಜನೋ! ನಮ್ಮ ಕಾಲದಲ್ಲಿ ಇಂಥ ಪುಸ್ತಕಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಓದಿದ್ದು ಚಂದಮಾಮ. ಅಲ್ಲಿ ಅಪ್ಪ ಎಂದರೆ ರಾಜ, ಮಗಳು ಎಂದರೆ ರಾಕ್ಷಸನ ವಶಕ್ಕೆ ಹೋಗಬೇಕಾದವಳು. ಇಲ್ಲವೆಂದರೆ ಭಾರತ-ಭಾರತಿಯ ಪುಟಾಣಿ ಪುಸ್ತಕಗಳು. ಅಲ್ಲಿ ಎಲ್ಲರೂ ಮಹಾಪುರುಷರು. ಮಹಾಪುರುಷರು ಮಗಳ ಶಾಲೆಯ ಗೇಟಿನಲ್ಲಿ ಪಂಚೆ ಎತ್ತಿ ಕಟ್ಟಿದ ದಾಖಲೆ ಎಲ್ಲೂ ಇಲ್ಲ.

ಮೊದಲು ಕೈಗೆ ಸಿಕ್ಕಿದ್ದು ಬೆವರ್ಲಿ ಕ್ಲಿಯರಿ ಬರೆದ 'ರಮೋನಾ ಆ್ಯಂಡ್ ಹರ್ ಫಾದರ್'. 1977ರದ್ದು. ಈ ಕ್ಲಿಯರಿ 1916ರಲ್ಲಿ ಹುಟ್ಟಿ, 2021ರಲ್ಲಿ ನೂರಾನಾಲ್ಕು ತುಂಬಿಸಿಕೊಂಡು ತೀರಿಕೊಂಡ ಪುಣ್ಯಾತ್ಗಿತ್ತಿ. ಮೊದಲು ಗ್ರಂಥಪಾಲಕಿಯಾಗಿದ್ದರು. ನಮ್ಮಂಥ ಹುಡುಗರ ಕಥೆ ಇರುವ ಪುಸ್ತಕ ಎಲ್ಲಿದೆ ಎಂದು ಮಕ್ಕಳು ಬಂದು ಕೇಳಿ ಕೇಳಿ, ಕೊನೆಗೆ ತಾವೇ ಬರೆಯಲು ಕೂತರಂತೆ. ರಮೋನಾ ಪೋರ್ಟ್‌ಲ್ಯಾಂಡಿನ ಕ್ಲಿಕಿಟಾಟ್ ಬೀದಿಯ ಏಳು ವರ್ಷದ ಹುಡುಗಿ. ಸಂಬಳದ ದಿನ ಅವಳ ಅಪ್ಪ ಮಕ್ಕಳಿಗೆಂದು ಕರಡಿಮರಿ ಆಕಾರದ ಮೆತ್ತನೆಯ ಮಿಠಾಯಿಯ ಪೊಟ್ಟಣ ತರುತ್ತಾನೆ. ಮಕ್ಕಳು ಕುಣಿಯುತ್ತಾರೆ. ಅಪ್ಪ ಮಾತ್ರ ಕುಣಿಯುವುದಿಲ್ಲ. ಅವನ ಕೆಲಸ ಹೋಗಿರುತ್ತದೆ. ಕೆಲಸ ಹೋದ ದಿನವೂ ಪೊಟ್ಟಣ ಮರೆಯದ ಆ ಅಪ್ಪನನ್ನು ಕಂಡು ನಾನು ಆ ಪುಟದಲ್ಲೇ ಸ್ವಲ್ಪ ಹೊತ್ತು ಕೂತೆ.

ಆಮೇಲೆ ಮನೆಯಲ್ಲಿ ಕೈ ಬಿಗಿಯಾಗುತ್ತದೆ. ಬೆಕ್ಕಿಗೂ ಅಗ್ಗದ ಡಬ್ಬಿಯ ಊಟ ಬರುತ್ತದೆ. ಆ ಬೆಕ್ಕು ಅದನ್ನು ಮೂಸಿ ನೋಡಿ, ಹಬ್ಬಕ್ಕೆಂದು ಕಣ್ಣು ಬಾಯಿ ಕೆತ್ತಿಟ್ಟ ಕುಂಬಳಕಾಯಿಯನ್ನೇ ರಾತ್ರೋರಾತ್ರಿ ತಿಂದುಹಾಕುತ್ತದೆ. ರಮೋನಾಗೆ ಒಂದು ಉಪಾಯ ಹೊಳೆಯುತ್ತದೆ: ಟೀವಿ ಜಾಹೀರಾತಿನಲ್ಲಿ ನಟಿಸಿ ಹತ್ತು ಲಕ್ಷ ಡಾಲರ್ ಗಳಿಸಿ ಅಪ್ಪನ ಕೈಗಿಡುವುದು. ಅದರ ಅಭ್ಯಾಸಕ್ಕೆಂದು ಟೀಚರಿಗೇ ಹೋಗಿ, ನಿಮ್ಮ ಕಾಲುಚೀಲ ಆನೆಯ ಕಾಲಿನ ಹಾಗೆ ಸುಕ್ಕುಗಟ್ಟಿದೆ ಎಂದು ಹೇಳಿಬಿಡುತ್ತಾಳೆ. ಕ್ರಿಸ್‌ಮಸ್ ನಾಟಕದಲ್ಲಿ ಅವಳದು ಕುರಿಯ ವೇಷ. ಅಮ್ಮ ಹೊಲಿದುಕೊಡುತ್ತಾಳೆಂದು ಅಮ್ಮನನ್ನು ಕೇಳದೆಯೇ ಒಪ್ಪಿಕೊಂಡು ಬಂದಿರುತ್ತಾಳೆ. ಅಪ್ಪ ಮನೆಯಲ್ಲಿ ಕೂತ ಮೇಲೆ ಅಮ್ಮ ದಿನವಿಡೀ ದುಡಿಯಬೇಕು. ಹೊಸ ಬಟ್ಟೆಗೆ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಕೊನೆಗೆ ಕುರಿ ತಯಾರಾಗುವುದು ಮೊಲದ ಚಿತ್ರವಿರುವ ಹಳೇ ಪೈಜಾಮದಿಂದ. ಮೈತುಂಬ ಮಾಸಿದ ಮೊಲಗಳಿರುವ ಕುರಿ! ಆ ಹುಡುಗಿಯ ಸಂಕಟ ಓದುವಾಗ ನಗು ಬರುತ್ತದೆ. ನಕ್ಕಿದ್ದಕ್ಕೆ ಒಂದು ಪುಟ ಆದಮೇಲೆ ಪಾಪ ಅನ್ನಿಸುತ್ತದೆ.

ನಾನು ಗಮನಿಸಿದ್ದು ಇಷ್ಟು. ಅಪ್ಪನ ಕೆಲಸ ಹೋಯಿತೆಂದು ಏಳು ವರ್ಷದ ಮಗು ಎಷ್ಟೆಂದು ಅತ್ತೀತು? ಅದು ದೊಡ್ಡವರ ಲೆಕ್ಕಾಚಾರ, ಮನೆ ಕಂತು, ಕರೆಂಟು ಬಿಲ್ಲು, ರಾತ್ರಿ ಅಡುಗೆಮನೆಯಲ್ಲಿ ಪಿಸುಪಿಸು ಮಾತು. ಪೈಜಾಮದ ಕುರಿಯಾದರೆ ಅವಳ ಕೈಗೆ ನಿಲುಕುತ್ತದೆ. ಅದರ ಮೇಲೆ ಮನಸೋ ಇಚ್ಛೆ ಅಳಬಹುದು. ದೊಡ್ಡವರೂ ಇದಕ್ಕೆ ಹೊರತಲ್ಲ ಬಿಡಿ. ನಮ್ಮಜ್ಜಿ ಹೋದಾಗ ನನ್ನ ಚಿಕ್ಕಪ್ಪ ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲು ಮನುಷ್ಯ ಎಂದು ಹೆಂಗಸರು ಆಡಿಕೊಂಡರು. ಎಲ್ಲ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಒಂದು ಬೆಳಿಗ್ಗೆ ಕಾಫಿಗೆ ಸಕ್ಕರೆ ಕಮ್ಮಿಯಾಯಿತೆಂದು ಚಿಕ್ಕಮ್ಮನ ಮೇಲೆ ರೇಗಲು ಹೋಗಿ, ಲೋಟ ಕೆಳಗಿಟ್ಟು, ಚಿಕ್ಕ ಹುಡುಗನ ಹಾಗೆ ಬಿಕ್ಕಿದರು.

ಎರಡನೆಯ ಪುಸ್ತಕವನ್ನು ನಾನು ಓದಿದ್ದು ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಾ. ಕೇಟ್ ಡಿಕಮಿಲೊ 2016ರಲ್ಲಿ ಬರೆದ 'ರೇಮಿ ನೈಟಿಂಗೇಲ್'. ಹಲ್ಲಿನ ಆಸ್ಪತ್ರೆಯಲ್ಲಿ ಓದಬಾರದ ಪುಸ್ತಕ ಅಂತ ಒಂದಿದ್ದರೆ ಅದು ಇದೇ. ಫ್ಲಾರಿಡಾದ ಸಣ್ಣ ಊರು, 1975ರ ಬೇಸಿಗೆ. ಹತ್ತು ವರ್ಷದ ರೇಮಿಯ ಅಪ್ಪ, ಊರಿನಲ್ಲಿ ಇನ್ಶೂರೆನ್ಸ್ ಆಫೀಸು ಇಟ್ಟುಕೊಂಡಿದ್ದ ಮರ್ಯಾದಸ್ಥ, ಹಲ್ಲು ಕ್ಲೀನು ಮಾಡುವ ಹೆಂಗಸಿನ ಜೊತೆ ಓಡಿಹೋಗಿದ್ದಾನೆ. ಆ ವಾಕ್ಯಕ್ಕೂ, "ಸಾರ್, ನಿಮ್ಮ ಟರ್ನು, ಮೊದಲು ಕ್ಲೀನಿಂಗ್ ಮಾಡ್ತೀನಿ ಬನ್ನಿ" ಎಂದು ಒಳಗಿನಿಂದ ಒಬ್ಬ ಹುಡುಗಿ ಕರೆಯುವುದಕ್ಕೂ ಸರಿಹೋಯಿತು. ನಾನು ಅವಳನ್ನು ಕಂಡು ಬೆಚ್ಚಿದ್ದಕ್ಕೆ ಅವಳು, "ಏನೂ ನೋವಾಗಲ್ಲ ಸಾರ್" ಎಂದು ಧೈರ್ಯ ಹೇಳಿದಳು.

ಬಾಯಿ ತೆರೆದುಕೊಂಡು ಮಲಗಿದ್ದಾಗ ನಾನು ಯೋಚಿಸಿದ್ದೆಲ್ಲ ರೇಮಿಯದೇ. ಅವಳದೂ ಒಂದು ಉಪಾಯ ಇದೆ. ಕೋಲು ತಿರುಗಿಸುವ ವಿದ್ಯೆ ಕಲಿಯುವುದು. ಟೈರು ಕಂಪನಿಯೊಂದು ನಡೆಸುವ ಪುಟಾಣಿ ಸುಂದರಿ ಸ್ಪರ್ಧೆ ಗೆಲ್ಲುವುದು. ಫೋಟೋ ಪೇಪರಿನಲ್ಲಿ ಬರುತ್ತದೆ. ಅಪ್ಪ ಎಲ್ಲೋ ಹೋಟೆಲಿನಲ್ಲಿ ಕೂತು ಅದನ್ನು ನೋಡುತ್ತಾನೆ. ನೋಡಿದ ಮೇಲೆ ಬಾರದೆ ಇರುತ್ತಾನೆಯೇ? ಅವಳ ಮನಸ್ಸಿನಲ್ಲಿ ಈ ಲೆಕ್ಕ ಎಷ್ಟು ಖಚಿತ ಎಂದರೆ ನಮಗೂ ಅದರಲ್ಲಿ ತಪ್ಪು ಹುಡುಕುವ ಮನಸ್ಸಾಗುವುದಿಲ್ಲ. ಡಿಕಮಿಲೊ ಇದನ್ನು ಗಾಳಿಯಿಂದ ತಂದವರಲ್ಲ. ಮಗುವಾಗಿದ್ದಾಗ ಅವರಿಗೆ ಪದೇ ಪದೇ ನ್ಯುಮೋನಿಯಾ. ಬೆಚ್ಚಗಿನ ಹವೆ ಬೇಕೆಂದು ತಾಯಿ ಮಕ್ಕಳನ್ನು ಕಟ್ಟಿಕೊಂಡು ಫಿಲಡೆಲ್ಫಿಯಾದಿಂದ ಫ್ಲಾರಿಡಾಕ್ಕೆ ಬಂದರು. ಅಪ್ಪ ಹಿಂದೆಯೇ ಬರುತ್ತೇನೆ ಎಂದವರು ಬಂದು ಮನೆ ಹೂಡಲೇ ಇಲ್ಲ. ಅವರು ವಕ್ರದಂತ ಸರಿಪಡಿಸುವ ವೈದ್ಯರಾಗಿದ್ದರು. ಇದು ಗೊತ್ತಾದ ಮೇಲೆ ಕಥೆಯ ಆ ಹಲ್ಲಿನ ತಮಾಷೆ ನನಗೆ ಅಷ್ಟೊಂದು ತಮಾಷೆಯಾಗಿ ಕಾಣಲಿಲ್ಲ.

ಅವರದೇ ಮೊದಲ ಕಾದಂಬರಿ 'ಬಿಕಾಸ್ ಆಫ್ ವಿನ್-ಡಿಕ್ಸಿ', 2000ದಲ್ಲಿ ಬಂದದ್ದು. ಅದರ ಹುಡುಗಿಯ ಹೆಸರು ಇಂಡಿಯಾ ಓಪಲ್. ಅಪ್ಪ ಪಾದ್ರಿ, ಹಿಂದೆ ನಮ್ಮ ದೇಶದಲ್ಲಿ ಮಿಷನರಿಯಾಗಿದ್ದ ನೆನಪಿಗೆ ಮಗಳಿಗೆ ಆ ಹೆಸರು. ವಿನ್-ಡಿಕ್ಸಿ ಎಂಬುದು ಸೂಪರ್‌ಮಾರ್ಕೆಟ್ಟು. ಅಲ್ಲಿ ಟೊಮೆಟೊ ಈರುಳ್ಳಿ ಚೆಲ್ಲಾಪಿಲ್ಲಿ ಮಾಡುತ್ತಿದ್ದ ಬೀದಿನಾಯಿಯನ್ನು ಇವಳು ನಂದೇ ನಾಯಿ ಎಂದು ಹೇಳಿ, ಹೆಸರು ಕೇಳಿದಾಗ ಏನೂ ತೋಚದೆ ಅಂಗಡಿಯ ಹೆಸರನ್ನೇ ಹೇಳಿ, ಮನೆಗೆ ತರುತ್ತಾಳೆ. ಅಮ್ಮ ಇವಳು ಮೂರು ವರ್ಷದವಳಿದ್ದಾಗಲೇ ಬಿಟ್ಟು ಹೋಗಿದ್ದಾಳೆ. ಅಪ್ಪ ಆ ಮಾತು ಬಂದರೆ ಆಮೆಯಂತೆ ಚಿಪ್ಪಿನೊಳಗೆ ಹೋಗುವವನು. ಆಮೆ ಎನ್ನುವುದು ಮಗಳದೇ ಮಾತು. ಒಂದು ದಿನ ಧೈರ್ಯ ಮಾಡಿ, ನನಗೆ ಹತ್ತು ವರ್ಷ, ಅಮ್ಮನ ಬಗ್ಗೆ ಹತ್ತು ಸಂಗತಿ ಹೇಳು ಎಂದು ಕೇಳುತ್ತಾಳೆ. ಅವನು ಹೇಳುತ್ತಾನೆ. ಕೂದಲು ಕೆಂಪು. ಗಿಡ ನೆಡುವ ಆಸೆ. ಅಡುಗೆ ಮಾತ್ರ ಬಾರದು. ಪಾದ್ರಿಯ ಹೆಂಡತಿಯಾಗಿ ಊರಿನ ಹೆಂಗಸರ ಕಣ್ಣಿನಲ್ಲಿ ದಿನವೂ ಪರೀಕ್ಷೆಗೆ ಕೂರುವುದು ಅವಳಿಗೆ ಸೇರುತ್ತಿರಲಿಲ್ಲ. ಕುಡಿಯುತ್ತಿದ್ದಳು. ಹುಡುಗಿ ಎಲ್ಲವನ್ನೂ ಬರೆದು ಬಾಯಿಪಾಠ ಮಾಡುತ್ತಾಳೆ, ಒಳ್ಳೆಯದು ಕೆಟ್ಟದ್ದು ಎಂದು ಆರಿಸದೆ, ಪೂರ್ತಿ ಹತ್ತು.

ಆ ಊರಿನ ಗ್ರಂಥಾಲಯದ ಮುದುಕಿಯ ಬಳಿ ಒಂದು ಮಿಠಾಯಿ ಇದೆ. ಅವಳ ಮುತ್ತಜ್ಜ ಯುದ್ಧ ಮುಗಿಸಿ ಊರಿಗೆ ನಡೆದು ಬಂದರೆ ಮನೆಯೂ ಇಲ್ಲ, ಮನೆಯವರೂ ಇಲ್ಲ. ಅತ್ತು ಅತ್ತು ಸಾಕಾಗಿ, ಈ ಲೋಕಕ್ಕೆ ಈಗ ಬೇಕಾದ್ದು ಸಿಹಿ ಎಂದು ತೀರ್ಮಾನಿಸಿ ಮಿಠಾಯಿ ಕಾರ್ಖಾನೆ ಹಾಕಿದವನು ಅವನು. ಅದನ್ನು ಚೀಪಿದವರಿಗೆ ಸಿಹಿಯ ಹಿಂದೆಯೇ ಅವರವರ ದುಃಖದ ರುಚಿ ಹತ್ತುತ್ತದೆ. ಈ ಪುಸ್ತಕಗಳ ಗುಟ್ಟೂ ಅದೇ ಎಂದು ಒಂದು ಮಾತು ಹೇಳಿಬಿಡಬಹುದಿತ್ತು. ಆದರೆ ನಾನು ಮೆಚ್ಚಿದ್ದು ಬೇರೆ: ಆ ಕಥೆಯಲ್ಲಿ ಅಮ್ಮ ಕೊನೆಯವರೆಗೂ ಬರುವುದಿಲ್ಲ. ನಮ್ಮ ಸಿನಿಮಾದವರಾಗಿದ್ದರೆ ಮಳೆ, ಗುಡುಗು, ಬಾಗಿಲಲ್ಲಿ ನೆನೆದ ಅಮ್ಮ. ಇಲ್ಲಿ ಮಳೆ ಇದೆ, ಗುಡುಗಿದೆ. ಬಾಗಿಲಲ್ಲಿ ಮಾತ್ರ ಯಾರೂ ಇಲ್ಲ.

ಇದೆಲ್ಲ ಹೊಸ ಕಾಲದ ಅಮೆರಿಕದವರ ಗೋಳು ಎಂದುಕೊಂಡರೆ, ಇಂಗ್ಲೆಂಡಿನ ಈಡಿತ್ ನೆಸ್ಬಿಟ್ 1906ರಲ್ಲೇ 'ದ ರೈಲ್ವೇ ಚಿಲ್ಡ್ರನ್' ಬರೆದಿದ್ದಾರೆ. ಅಪ್ಪನನ್ನು ಯಾರೋ ಇಬ್ಬರು ರಾತ್ರಿ ಬಂದು ಕರೆದೊಯ್ಯುತ್ತಾರೆ. ಎಲ್ಲಿಗೆಂದು ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಕೇಳಬೇಡಿ ಎಂದು ಅಮ್ಮನ ಅಪ್ಪಣೆ. ದೊಡ್ಡ ಹುಡುಗಿ ಬಾಬಿ ಅದನ್ನು ತಿಳಿಯುವುದು ಏನೋ ಸುತ್ತಿಕೊಟ್ಟ ಹಳೇ ಪೇಪರಿನಿಂದ. ಸುಳ್ಳು ಆರೋಪ, ಜೈಲು ಶಿಕ್ಷೆ, ಅಪ್ಪನ ಹೆಸರು. ಮಂಡಕ್ಕಿ ಕಟ್ಟಿದ ಪೇಪರನ್ನು ಬಿಡಿಸಿ ಓದುವ ಚಾಳಿ ನನಗೂ ಇದೆ. ಆ ಪುಟ ಓದಿದ ಮೇಲೆ ಸ್ವಲ್ಪ ದಿನ ಬಿಡಿಸಲು ಹೆದರಿದೆ.

ಅದೇ ಪುಸ್ತಕದಲ್ಲಿ ಸ್ಟೇಷನ್ನಿನ ಪೋರ್ಟರ್ ಪರ್ಕ್ಸ್ ಎಂಬುವನ ಹುಟ್ಟುಹಬ್ಬ ಬರುತ್ತದೆ. ಮಕ್ಕಳು ಊರೆಲ್ಲ ತಿರುಗಿ ಉಡುಗೊರೆ ಕೂಡಿಸಿ ಅವನ ಮನೆಗೆ ತರುತ್ತಾರೆ: ಸಕ್ಕರೆಯಲ್ಲಿ ಅವನ ಹೆಸರಿನ ಅಕ್ಷರ ಬರೆದ ಬನ್ನು, ಒಂದು ತಳ್ಳುಗಾಡಿ, ಹಣ್ಣು. ಅವನು ಸಂತೋಷಪಡುವ ಬದಲು ಕೆಂಡವಾಗುತ್ತಾನೆ. ನಾವೇನು ತಿರುಪೆಯವರೇ, ಹೆಂಡತಿ ಮಕ್ಕಳ ಮುಂದೆ ನನ್ನ ಮರ್ಯಾದೆ ಏನಾಯಿತು ಎಂದು ಕೂಗಾಡುತ್ತಾನೆ. ಬಾಬಿ ಅಳುತ್ತಲೇ ಒಂದೊಂದು ಸಾಮಾನಿಗೂ ಕಟ್ಟಿದ ಚೀಟಿಯನ್ನು ಓದಿ, ಕೊಟ್ಟವರು ಅವನ ಬಗ್ಗೆ ಏನೆಂದರು ಎಂದು ಹೇಳುತ್ತಾಳೆ. ಮರುಕದಿಂದ ಕೊಟ್ಟವರು ಯಾರೂ ಇಲ್ಲ. ಅಪ್ಪನ ಮಾನ ಹೋದ ಮನೆಯ ಹುಡುಗಿ ಇನ್ನೊಬ್ಬ ಅಪ್ಪನ ಮಾನ ಉಳಿಸಿಕೊಡುತ್ತಾಳೆ. ನೆಸ್ಬಿಟ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಹೇಳಿಬಿಟ್ಟೆ, ಜಗಲಿ ಕಟ್ಟೆಯ ಮಾತಿಗೆ ಅಷ್ಟು ಸಂಯಮ ಇರುವುದಿಲ್ಲ.

ಜಾಕ್ವೆಲಿನ್ ವಿಲ್ಸನ್ 1999ರಲ್ಲಿ ಬರೆದ 'ದಿ ಇಲಸ್ಟ್ರೇಟೆಡ್ ಮಮ್' ಮುಂದೆ ನನ್ನ ಹಗುರ ಮಾತು ನಿಂತುಹೋಯಿತು. ಡಾಲ್ಫಿನ್ ಎಂಬ ಹುಡುಗಿಯ ಅಮ್ಮ ಮೇರಿಗೋಲ್ಡ್ ಮೈಯೆಲ್ಲ ಹಚ್ಚೆ ಹಾಕಿಸಿಕೊಂಡವಳು. ಒಂದು ದಿನ ಸಂಭ್ರಮ ಉಕ್ಕಿ ರಾತ್ರಿಯಿಡೀ ಕೇಕು ಬೇಯಿಸುವವಳು, ಇನ್ನೊಂದು ದಿನ ಹಾಸಿಗೆ ಬಿಟ್ಟು ಏಳದವಳು. ಅಕ್ಕ ಸ್ಟಾರ್‌ಗೆ ಅಮ್ಮನ ಜೊತೆ ಬೀದಿಯಲ್ಲಿ ನಡೆಯುವುದೆಂದರೆ ನಾಚಿಕೆ. ಡಾಲ್ಫಿನ್‌ಗೆ ಅಮ್ಮನಷ್ಟು ಚೆಲುವೆ ಇನ್ನಿಲ್ಲ. ಅಕ್ಕ ಮನೆ ಬಿಟ್ಟು ಹೋದ ಮೇಲೆ ಮೇರಿಗೋಲ್ಡ್ ತನ್ನ ಹಚ್ಚೆಯೆಲ್ಲ ಅಳಿಸಿಹೋಗಲೆಂದು ಮೈಗೆ ಬಿಳಿ ಪೇಂಟು ಬಳಿದುಕೊಳ್ಳುತ್ತಾಳೆ. ಗೋಡೆಗೆ ಬಳಿಯುವ ಪೇಂಟು. ಅದನ್ನು ಕಾಣುವವಳು, ಆಂಬುಲೆನ್ಸಿಗೆ ಫೋನು ಮಾಡುವವಳು, ಆ ಹತ್ತು ವರ್ಷದ ಮಗು. ಅಮ್ಮನನ್ನು ನಾಚಿಕೆಯಿಂದ ನೋಡಿದವಳದೂ ತಪ್ಪಿಲ್ಲ, ಆರಾಧಿಸಿದವಳದೂ ತಪ್ಪಿಲ್ಲ. ಇಬ್ಬರಿಗೂ ಅವಳೇ ಅಮ್ಮ.

ಇಷ್ಟು ಓದಿದ ಮೇಲೆ ನನಗೊಂದು ಜ್ಞಾನೋದಯವಾಯಿತು. ದಾರಿಯಲ್ಲಿ ಯಾರೋ ಗಟ್ಟಿಯಾಗಿ ಹಾಡಿದರೆ ಅದು ನಮಗೆ ಪುಕ್ಕಟೆ ಮನರಂಜನೆ. ನಮ್ಮಪ್ಪ ಹಾಡಿದರೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಅಂದರೆ ನಮ್ಮ ಮಾನ ಕಳೆಯುವ ಹಕ್ಕು ಊರಿನ ಮಂದಿಗಿಲ್ಲ, ನಮ್ಮವರಿಗೆ ಮಾತ್ರ ಉಂಟು. ಆ ಹಕ್ಕುದಾರರು ಹೊರಟುಹೋದರೆ ಮಾನವೇನೋ ಭದ್ರವಾಗಿ ಉಳಿಯುತ್ತದೆ. ಅಂಥ ಮಾನ ಇಟ್ಟುಕೊಂಡು ಏನು ಮಾಡುವುದೋ ತಿಳಿಯದು.

ನಮ್ಮಕ್ಕನನ್ನೇ ಕೇಳಿ. ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಅಕ್ಕ ಅದೇ ಶಾಲೆಯ ವಿದ್ಯಾರ್ಥಿನಿ. ಒಂದು ದಿನ ಸಮಾಜದ ಪಾಠ ನಡೆಯುತ್ತಿದ್ದಾಗ ಅಪ್ಪ ಸೀಮೆಸುಣ್ಣದ ಕೈಯಲ್ಲೇ ಕಿಟಕಿಯ ಸರಳು ಹಿಡಿದು, ಇಡೀ ತರಗತಿಗೆ ಕೇಳುವಂತೆ, "ಪುಟ್ಟೀ, ಹೊಟ್ಟೆ ನೋವು ಹೋಯ್ತೇನೇ? ಓಂಕಾಳಿನ ನೀರು ಕುಡ್ದ್ಯಾ?" ಎಂದು ಕೇಳಿ ಹೋದರಂತೆ. ಆ ವರ್ಷವೆಲ್ಲ ಅವಳ ಹೆಸರು ಓಂಕಾಳು. ಅಪ್ಪನ ಜೊತೆ ಮಾತು ಬಿಟ್ಟಳು, ಅಮ್ಮ ಸಂಧಾನ ಮಾಡಬೇಕಾಯಿತು. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಈಗ ಅಕ್ಕನಿಗೆ ಮೊಮ್ಮಕ್ಕಳು. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲೇ ನಾಲ್ಕು ಜನ ಸೇರಲಿ, ಅಕ್ಕ ಕಿಟಕಿಯ ಸರಳು ಹಿಡಿದು ಅಪ್ಪನ ದನಿಯಲ್ಲೇ ಆ ಪ್ರಶ್ನೆ ಕೇಳಿ ತೋರಿಸುತ್ತಾಳೆ. ಅಪ್ಪ ಬಿಡಿಸಿದ ಕಠಿಣ ಲೆಕ್ಕ, ಗಳಿಸಿದ ಹೆಸರು ಯಾವುದನ್ನೂ ಅವಳು ಹೇಳುವುದಿಲ್ಲ.

"ಅಕ್ಕ, ಇದೊಂದೇ ಏನೇ ನೆನಪಿರೋದು ನಿನಗೆ?" ಎಂದು ನಾನೊಮ್ಮೆ ಕೇಳಿದೆ.

"ಬೇರೆಯೆಲ್ಲ ಊರಿಗೆ ಗೊತ್ತಲ್ಲೋ. ಇದು ನಂದು" ಅಂದಳು.

ಎದುರು ಮನೆಯವರು ಇನ್ಶೂರೆನ್ಸ್ ಆಫೀಸಿನಲ್ಲಿರುವವರು, ಶಿಸ್ತಿನ ಮನುಷ್ಯ. ಅವರ ಮಗಳೂ ನನ್ನ ಮಗಳೂ ಒಂದೇ ತರಗತಿ. ಒಂದು ಸಂಜೆ ನಾನು ಶರನ್ ಕ್ರೀಚ್ ಬರೆದ 'ವಾಕ್ ಟೂ ಮೂನ್ಸ್' ಹಿಡಿದು ಜಗಲಿಯಲ್ಲಿ ಕೂತಿದ್ದೆ. 1995ರ ನ್ಯೂಬೆರಿ ಪದಕ ಪಡೆದ ಪುಸ್ತಕ. ತಾಯಿಯನ್ನು ಅರಸಿ ಹೊರಟ ಹದಿಮೂರರ ಹುಡುಗಿ, ಕಾರಿನಲ್ಲಿ ಅವಳ ಅಜ್ಜ ಅಜ್ಜಿ. ಆ ಅಜ್ಜನ ಉಪಕಾರಬುದ್ಧಿ ಭಯಂಕರ. ದಾರಿಯಲ್ಲಿ ಯಾರದೋ ಕಾರು ಕೆಟ್ಟಿತೆಂದು ಇಳಿದು, ಎಂಜಿನ್ನಿನ ಪೈಪುಗಳನ್ನೆಲ್ಲ ಈ ಹಾಳು ಹಾವುಗಳದ್ದೇ ಕಾಟ ಎಂದು ಒಂದೊಂದಾಗಿ ಕಿತ್ತು ನೆಲದ ಮೇಲೆ ಹರಡುತ್ತಾನೆ. ಅದನ್ನು ಓದಿ ನಾನು ಹೊಟ್ಟೆ ಹಿಡಿದು ನಕ್ಕೆ. ಕೊನೆಯ ಅಧ್ಯಾಯಗಳಿಗೆ ಬಂದಾಗ ಕನ್ನಡಕ ತೆಗೆದು ಒರೆಸಬೇಕಾಯಿತು. ಕೊನೆ ಏನೆಂದು ನಾನು ಹೇಳುವುದಿಲ್ಲ. ಹೇಳಿದರೆ ಮಗಳು ಆರೋಪಪಟ್ಟಿಗೆ ಅದನ್ನೂ ಸೇರಿಸುತ್ತಾಳೆ.

ಎದುರು ಮನೆಯವರು ಗೇಟಿನಲ್ಲೇ ನಿಂತು, "ಏನ್ ಸಾರ್, ಮಕ್ಕಳ ಪುಸ್ತಕಕ್ಕೆ ಇಷ್ಟೊಂದಾ? ಈ ವಯಸ್ಸಿನ ಮಕ್ಕಳಿಗೆ ಓಡಿಹೋದ ಅಪ್ಪ, ಸತ್ತ ಅಮ್ಮ ಯಾಕೆ ಬೇಕು? ನಮ್ಮ ಹುಡುಗಿಗೆ ನಾನು ಬರೀ ಸಾಮಾನ್ಯ ಜ್ಞಾನದ ಪುಸ್ತಕ ಕೊಡಿಸೋದು" ಅಂದರು.

ವಾದಕ್ಕೆ ನಾನು ಹಿಂಜರಿಯುವವನಲ್ಲ. "ಮಕ್ಕಳು ಅಪ್ಪ ಅಮ್ಮನ ಜಗಳ ಕೇಳಿಸಿಕೊಳ್ತಾರೆ, ಸಾಲದವರು ಬಂದು ಬೆಲ್ ಮಾಡಿದ್ದು ಕೇಳಿಸಿಕೊಳ್ತಾರೆ, ಆಸ್ಪತ್ರೆಗೆ ಹೋದ ಅಜ್ಜಿ ವಾಪಸ್ ಬಾರದ್ದನ್ನ ನೋಡ್ತಾರೆ. ನಾವು ಹೇಳದಿದ್ದರೂ ಅವರಿಗೆ ಎಲ್ಲ ಗೊತ್ತು ಸಾರ್. ಅದೇ ಥರ ಇನ್ನೊಬ್ಬಳು ಹುಡುಗಿ ಎಲ್ಲೋ ಇದ್ದಾಳೆ ಅಂತ ಮಾತ್ರ ಗೊತ್ತಿರೋದಿಲ್ಲ. ಅದನ್ನ ಈ ಪುಸ್ತಕ ಹೇಳುತ್ತೆ" ಎಂದೆ. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಆಮೇಲೆ 'ರೇಮಿ ನೈಟಿಂಗೇಲ್' ತೆಗೆದು, "ಇದರಲ್ಲಿ ಬರೋ ಅಪ್ಪ ನಿಮ್ಮ ಹಾಗೇ ಇನ್ಶೂರೆನ್ಸಿನವರು" ಎಂದೆ. "ಹೌದಾ?" ಎಂದು ಕೈ ಚಾಚಿದರು. ಮಗಳಿಗೆ ಕೊಡುವ ಮೊದಲು ಒಂದು ಸಲ ಕಣ್ಣಾಡಿಸಿ ನೋಡುತ್ತೇನೆ ಎಂದು ತೆಗೆದುಕೊಂಡು ಹೋದರು.

ಪುಸ್ತಕ ವಾಪಸು ಬರಲಿಲ್ಲ. ಮೊನ್ನೆ ಆ ಹುಡುಗಿಯೇ ನಮ್ಮ ಮನೆಗೆ ಬಂದಳು, ಮುಖ ಊದಿಸಿಕೊಂಡು. ಅವಳಪ್ಪ ಬನಿಯನ್ನಿನಲ್ಲೇ ಹೊರಗಡೆ ಕುರ್ಚಿ ಹಾಕಿಕೊಂಡು ಆ ಪುಸ್ತಕ ಓದುತ್ತಾರಂತೆ, ಬೀದಿಗೆಲ್ಲ ಕೇಳುವ ಹಾಗೆ ಮೂಗು ಸೀಟಿಕೊಳ್ಳುತ್ತಾರಂತೆ, ಟ್ಯೂಷನ್ನಿಗೆ ಬಂದ ಗೆಳತಿಯರಿಗೆಲ್ಲ ರೇಮಿಯ ಕಥೆ ಹೇಳಲು ಶುರು ಮಾಡಿ ಅರ್ಧಕ್ಕೇ ಗಂಟಲು ಕಟ್ಟಿ ಎದ್ದು ಒಳಗೆ ಹೋಗುತ್ತಾರಂತೆ.

"ಅಂಕಲ್, ಪ್ಲೀಸ್, ಆ ಬುಕ್ ವಾಪಸ್ ಇಸ್ಕೊಂಬಿಡಿ. ನನ್ನ ಮಾನ ಹೋಗ್ತಿದೆ" ಅಂದಳು.

ಆ ಕಥೆಯ ಮುಂದಿನ ಭಾಗ 2018ರಲ್ಲಿ ಒಂದು, 2019ರಲ್ಲಿ ಇನ್ನೊಂದು ಬಂದಿವೆ. ಎರಡನ್ನೂ ಹಿಂದಿನ ದಿನವೇ ಅವಳಪ್ಪ ಕೇಳಿ ಇಸಕೊಂಡು ಹೋಗಿದ್ದರು. ಅದನ್ನು ಆ ಮಗುವಿಗೆ ಯಾವ ಬಾಯಲ್ಲಿ ಹೇಳಲಿ?